ಮನೆ ಮನೆ ಸುತ್ತಿ ಲೆಕ್ಕ ಹಿಡಿದ ವೈದ್ಯ

ಸುವರ್ಣ ಮಹೋತ್ಸವದ ಸಂಚಿಕೆಗೆ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಈ ಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದಾಗ ನಾನು ಮಾಡಿದ ಒಂದು ತಪ್ಪು ಮೊದಲು ನೆನಪಾಯಿತು. ಒಂದು ಮಳೆಗಾಲದಲ್ಲಿ ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತ್ತು. ಒಂಬತ್ತನೇ ತರಗತಿಯ ಮಕ್ಕಳು ಕಾಯಿಲೆ ಬಿದ್ದವರಿದ್ದ ಹನ್ನೆರಡು ಮನೆಗಳಿಗೆ ಹೋಗಿ, ಅವರೆಲ್ಲರೂ ಒಂದೇ ಕೊಳವೆಬಾವಿಯ ನೀರು ಕುಡಿಯುತ್ತಾರೆಂದು ಬರೆದು ತಂದರು. ಆ ನೀರೇ ಕಾರಣವೆಂದು ಚಾರ್ಟ್ ಬರೆಸಿ, ಮಕ್ಕಳನ್ನು ತಾಲ್ಲೂಕು ಮಟ್ಟದ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದೆ. ಅದೇ ನೀರು ಕುಡಿದೂ ಆರೋಗ್ಯವಾಗಿದ್ದ ಮನೆಗಳೆಷ್ಟು, ಬೇರೆ ನೀರು ಕುಡಿದು ಕಾಯಿಲೆ ಬಿದ್ದ ಮನೆಗಳೆಷ್ಟು ಎಂದು ತೀರ್ಪುಗಾರರು ಕೇಳಿದರು. ಮಕ್ಕಳು ನನ್ನ ಮುಖ ನೋಡಿದರು. ನನ್ನಲ್ಲಿಯೂ ಉತ್ತರವಿರಲಿಲ್ಲ. ಊರಿನ ಮುಕ್ಕಾಲು ಪಾಲು ಜನ ಕುಡಿಯುತ್ತಿದ್ದುದು ಅದೇ ನೀರು. ಯಾವ ಹನ್ನೆರಡು ಮನೆಗೆ ಹೋಗಿದ್ದರೂ ಹೆಚ್ಚು ಕಡಿಮೆ ಅದೇ ಉತ್ತರ ಸಿಗುತ್ತಿತ್ತು.

ಆ ಸೋಲಿನ ನಂತರ ನಾನು ಹುಡುಕಿ ಓದಿದ್ದು ಡಾ. ಜಾನ್ ಸ್ನೋ ಅವರ ಜೀವನವನ್ನು. ಸಂಶೋಧನೆ ಹೇಗೆ ಮಾಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಇನ್ನೂ ಸಿಕ್ಕಿಲ್ಲ.

ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ. ತಂದೆ ಕೂಲಿ ಕೆಲಸಗಾರರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು, ನ್ಯೂಕಾಸಲ್‌ನ ಒಬ್ಬ ವೈದ್ಯರ ಬಳಿ ಕೆಲಸ ಕಲಿಯಲು ಸೇರಿದರು. ಕಾಲರಾ ಮೊದಲ ಬಾರಿಗೆ ಇಂಗ್ಲೆಂಡಿಗೆ ಬಂದಾಗ, ಇನ್ನೂ ಹದಿನೆಂಟು ದಾಟದ ಅವರನ್ನು ಹತ್ತಿರದ ಕಲ್ಲಿದ್ದಲು ಗಣಿಯ ಕಾರ್ಮಿಕರ ಚಿಕಿತ್ಸೆಗೆ ಕಳಿಸಲಾಯಿತು. ಮುಂದೆ ಲಂಡನ್ನಿಗೆ ಬಂದು ಓದಿ, 1844ರಲ್ಲಿ ಎಂ.ಡಿ. ಪದವಿ ಪಡೆದರು. ಅರಿವಳಿಕೆ ಕೊಡುವುದರಲ್ಲಿ ಅವರು ಎಷ್ಟು ಹೆಸರಾದರೆಂದರೆ, 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಕೊಡಲು ಅವರನ್ನೇ ಕರೆಸಿದರು. ಆದರೆ ಇಂದು ಜಗತ್ತು ಅವರನ್ನು ಹೆಚ್ಚಾಗಿ ನೆನೆಯುವುದು ಕಾಲರಾದ ಕಾರಣಕ್ಕೆ.

ನಮ್ಮ ಹಳ್ಳಿಗಳಲ್ಲಿ ಹಿಂದೆ ವಾಂತಿಭೇದಿ ಬಂದರೆ ಮಾರಿ ಬಂತೆನ್ನುತ್ತಿದ್ದರು. ಅಂದಿನ ಲಂಡನ್ನಿನ ದೊಡ್ಡ ದೊಡ್ಡ ವೈದ್ಯರು ಕೊಳಕಿನಿಂದೇಳುವ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಸ್ನೋ ಒಂದು ಪ್ರಶ್ನೆ ಹಾಕಿಕೊಂಡರು. ಗಾಳಿಯಿಂದ ಬರುವ ಕಾಯಿಲೆಯಾದರೆ ಮೊದಲು ಶ್ವಾಸಕೋಶ ಕೆಡಬೇಕಲ್ಲವೇ, ಕರುಳು ಕೆಡುವುದೇಕೆ? ರೋಗಿಯ ಮಲದಲ್ಲಿರುವ ಯಾವುದೋ ವಸ್ತು ನೀರಿನ ಮೂಲಕ ಬೇರೆಯವರ ಹೊಟ್ಟೆ ಸೇರುತ್ತಿರಬೇಕೆಂದು ಊಹಿಸಿ, 1849ರಲ್ಲಿ ಒಂದು ಕಿರುಪುಸ್ತಕ ಪ್ರಕಟಿಸಿದರು. ಇದನ್ನೇ ನಾವು ಪ್ರಾಕ್ಕಲ್ಪನೆ ಎನ್ನುತ್ತೇವೆ. ಹೆಚ್ಚಿನವರು ಒಪ್ಪಲಿಲ್ಲ. ಸ್ನೋ ವಾದಕ್ಕೆ ನಿಲ್ಲುವುದರ ಜೊತೆಗೆ ಪುರಾವೆ ಹುಡುಕುವ ಕೆಲಸಕ್ಕೂ ಇಳಿದರು.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಭಾಗದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಸಿಡಿಯಿತು. ಹತ್ತೇ ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಸ್ನೋ ಮರಣ ನೋಂದಣಿ ಕಚೇರಿಯಿಂದ 83 ಸಾವುಗಳ ಪಟ್ಟಿ ಪಡೆದು ಮನೆ ಮನೆಗೆ ಹೋದರು. ಅವುಗಳಲ್ಲಿ 73 ಸಾವುಗಳು ಬ್ರಾಡ್ ಸ್ಟ್ರೀಟಿನ ಕೈಪಂಪಿಗೆ ಹತ್ತಿರವಿದ್ದ ಮನೆಗಳಲ್ಲಿ ಆಗಿದ್ದವು. ಉಳಿದ ಹತ್ತು ಸಾವುಗಳ ಮನೆಗಳಿಗೆ ಬೇರೆ ಪಂಪು ಹತ್ತಿರವಿತ್ತು. ಅವನ್ನು ಅವರು ಬಿಟ್ಟುಬಿಡಲಿಲ್ಲ. ವಿಚಾರಿಸಿದಾಗ, ಆ ಹತ್ತರಲ್ಲಿ ಐದು ಮನೆಯವರು ರುಚಿಗಾಗಿ ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸುತ್ತಿದ್ದರೆಂದು ತಿಳಿಯಿತು. ಇನ್ನು ಮೂವರು ಆ ಪಂಪಿನ ಹತ್ತಿರದ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ನಾನು ಮರೆತದ್ದನ್ನು ಸ್ನೋ ಮಾಡಿದ್ದು ಇಲ್ಲಿಯೇ. ಕಾಯಿಲೆ ಬೀಳದವರನ್ನೂ ಅವರು ಹುಡುಕಿದರು. ಪಂಪಿನ ಸಮೀಪದ ಅನಾಥಾಲಯದಂಥ ಒಂದು ಬಡವರ ಆಶ್ರಯಗೃಹದಲ್ಲಿ 535 ಜನರಿದ್ದರು. ಸತ್ತವರು ಐದೇ ಜನ. ಅಲ್ಲಿ ಅವರದೇ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರು ಆ ಪಂಪಿನ ನೀರು ಮುಟ್ಟುತ್ತಿರಲಿಲ್ಲ. ಇನ್ನೊಂದು ಕಡೆ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾಕ್ಕೆ ಬಲಿಯಾಗಿದ್ದರು. ಅವರು ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದವರು. ಆ ನೀರಿನ ರುಚಿ ಮರೆಯದೆ ದಿನವೂ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು. ಎಲ್ಲರೂ ಉಸಿರಾಡಿದ್ದು ಒಂದೇ ಗಾಳಿಯಾದರೆ, ಪಕ್ಕದವರು ಉಳಿದು ದೂರದವರು ಸತ್ತದ್ದು ಹೇಗೆ?

ಸ್ನೋ ಅವರ ಮಾತು ಕೇಳಿ ಸ್ಥಳೀಯ ಮಂಡಳಿ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ತೆಗೆಸಿತು. ಅದರಿಂದಲೇ ಕಾಲರಾ ನಿಂತಿತೆಂದು ಕಥೆ ಹೇಳುವವರಿದ್ದಾರೆ. ಆದರೆ ಜನ ಊರು ಬಿಟ್ಟು ಓಡಿದ್ದರಿಂದ ಅಷ್ಟರಲ್ಲೇ ಸಾವು ಇಳಿಮುಖವಾಗಿತ್ತು. ಇದನ್ನು ಸ್ನೋ ತಾವೇ ಬರೆದುಕೊಂಡಿದ್ದಾರೆ. ತನಗೆ ಸಲ್ಲದ ಕೀರ್ತಿಯನ್ನು ಬಿಟ್ಟುಕೊಡುವುದೂ ಸಂಶೋಧಕನ ಗುಣ.

ಅದೇ ವರ್ಷ ಅವರು ಇನ್ನೂ ದೊಡ್ಡ ಹೋಲಿಕೆಯೊಂದನ್ನು ಮಾಡಿದರು. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳು ಅದೇ ಬೀದಿಗಳ ಮನೆಗಳಿಗೆ ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯದು ಚರಂಡಿ ಸೇರಿದ ಥೇಮ್ಸ್ ನದಿಯ ನೀರು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ ಬದಲಿಸಿತ್ತು. ಬಡವರು, ಶ್ರೀಮಂತರು, ವ್ಯಾಪಾರಿಗಳು ಎಲ್ಲರೂ ಎರಡೂ ಕಡೆ ಬೆರೆತಿದ್ದರು. ವ್ಯತ್ಯಾಸವಿದ್ದುದು ನೀರಿನಲ್ಲಿ ಮಾತ್ರ. ಯಾವ ಕಂಪನಿಯ ನೀರೆಂದು ಮನೆಯವರಿಗೇ ಗೊತ್ತಿಲ್ಲದಿದ್ದಲ್ಲಿ, ಸ್ನೋ ನೀರಿನಲ್ಲಿರುವ ಉಪ್ಪಿನ ಅಂಶವನ್ನು ಸಿಲ್ವರ್ ನೈಟ್ರೇಟಿನಿಂದ ಪರೀಕ್ಷಿಸಿ ಪತ್ತೆ ಹಚ್ಚಿದರು. ಮೊದಲ ಏಳು ವಾರಗಳ ಲೆಕ್ಕ ಹೀಗಿತ್ತು: ಮೊದಲ ಕಂಪನಿಯ 40,046 ಮನೆಗಳಲ್ಲಿ 1,263 ಸಾವು, ಲ್ಯಾಂಬೆತ್‌ನ 26,107 ಮನೆಗಳಲ್ಲಿ 98 ಸಾವು. ಮನೆಗಳ ಸಂಖ್ಯೆ ಬೇರೆ ಬೇರೆಯಾದ್ದರಿಂದ ಸಾವುಗಳನ್ನಷ್ಟೇ ಹೋಲಿಸಿದರೆ ತಪ್ಪಾಗುತ್ತದೆ. ಹತ್ತು ಸಾವಿರ ಮನೆಗೆ ಇಷ್ಟೆಂದು ಲೆಕ್ಕ ಹಾಕಿದಾಗ ಒಂದು ಕಡೆ 315, ಇನ್ನೊಂದು ಕಡೆ 37.

ಸ್ನೋ ಅವರ ಮಾತನ್ನು ನಂಬದಿದ್ದ ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿ, ಅದು ಸುಳ್ಳೆಂದು ತೋರಿಸಲು ಅದೇ ಬೀದಿಗಳಲ್ಲಿ ಸುತ್ತಿದರು. ಸತ್ತವರ ಬಗ್ಗೆಯೂ ಬದುಕಿದವರ ಬಗ್ಗೆಯೂ ವಿಚಾರಿಸಿ, ಕೊನೆಗೆ ಸ್ನೋ ಹೇಳಿದ್ದೇ ಸರಿಯೆಂದು ಒಪ್ಪಿಕೊಂಡರು. ಪಂಪಿನ ಪಕ್ಕದ ಮನೆಯಲ್ಲಿ ಭೇದಿಯಿಂದ ತೀರಿಕೊಂಡ ಒಂದು ಹಸುಗೂಸಿನ ಬಟ್ಟೆ ತೊಳೆದ ನೀರು, ಬಾವಿಯಿಂದ ಮೂರಡಿಯೂ ದೂರವಿಲ್ಲದ ಮಲಗುಂಡಿಗೆ ಸೇರಿತ್ತೆಂದು ಪತ್ತೆ ಹಚ್ಚಿದವರೂ ಅವರೇ.

ಸ್ನೋ 1858ರ ಜೂನ್ 16ರಂದು, 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗಲೂ ಹೆಚ್ಚಿನ ವೈದ್ಯರು ಗಾಳಿಯನ್ನೇ ನಂಬಿದ್ದರು. ರಾಬರ್ಟ್ ಕಾಕ್ ಕಾಲರಾ ರೋಗಾಣುವನ್ನು ಗುರುತಿಸಿ, ನಮ್ಮ ಕಲ್ಕತ್ತೆಯಲ್ಲಿ ಅದನ್ನು ಖಚಿತಪಡಿಸಿದ್ದು 1884ರಲ್ಲಿ. ರೋಗಾಣುವನ್ನು ಕಾಣದೆಯೇ, ಸರಿಯಾದ ಪ್ರಶ್ನೆ ಮತ್ತು ನ್ಯಾಯವಾದ ಹೋಲಿಕೆಯಿಂದ ಸ್ನೋ ಅದರ ದಾರಿ ಕಂಡಿದ್ದರು.

ವಸ್ತುಪ್ರದರ್ಶನದ ಮರುವರ್ಷ ಹೊಸ ತಂಡದ ಮಕ್ಕಳಿಗೆ ನಾನು ಚಾರ್ಟ್ ಬರೆಸುವ ಮೊದಲು ಎರಡು ಪಟ್ಟಿ ಮಾಡಿಸಿದೆ: ಕಾಯಿಲೆ ಬಿದ್ದವರದೊಂದು, ಬೀಳದವರದೊಂದು. ಇಬ್ಬರಿಗೂ ಅದೇ ಪ್ರಶ್ನೆಗಳು. ಊಹೆಗೆ ಹೊಂದದ ಉತ್ತರ ಬಂದರೆ ಅಳಿಸಬಾರದು, ಅದರ ಕೆಳಗೆ ಗೆರೆ ಎಳೆಯಬೇಕೆಂದು ಹೇಳಿದೆ. ಇಂದು ಪ್ರಾಜೆಕ್ಟ್ ಮಾಡಲು ಹೊರಟಿರುವ ನಮ್ಮ ಶಾಲೆಯ ಮಕ್ಕಳಿಗೂ ನಾನು ಹೇಳುವುದು ಇಷ್ಟೇ. ದುಬಾರಿ ಉಪಕರಣ ಬೇಕಿಲ್ಲ. ಒಂದು ನೋಟ್‌ಬುಕ್, ನಡೆಯುವ ಕಾಲು, ತನ್ನ ಊಹೆ ತಪ್ಪಾಗಿರಬಹುದೆಂದು ಒಪ್ಪುವ ಮನಸ್ಸು ಇದ್ದರೆ ಸಾಕು.