ಮರೆತ ಹೆಸರುಗಳನ್ನು ಹುಡುಕಿದ ರೈಸ್ ದೊರೆಗಳು

ಅಜ್ಜನ ಹೆಸರನ್ನು ನಾವೆಲ್ಲರೂ ಬಲ್ಲೆವು. ಅಜ್ಜನ ತಂದೆಯ ಹೆಸರನ್ನು ಹೇಳಬಲ್ಲವರು ವಿರಳ. ಹೀಗೆ ಮರೆತುಹೋದ ಹೆಸರುಗಳನ್ನು ಹುಡುಕುವದರಲ್ಲಿಯೇ ಆಯುಷ್ಯವನ್ನು ಸವೆಸಿದ ಬೆಂಜಮಿನ್ ಲೂಯಿ ರೈಸ್ ದೊರೆಗಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರ ತಂದೆಯವರಾದ ಬೆಂಜಮಿನ್ ರೈಸ್ ಅಯ್ಯನವರು ಲಂಡನ್ ಮಿಶನ್ನಿನ ಬೋಧಕರಾಗಿ 1837ರಲ್ಲಿ ಬೆಂಗಳೂರಿಗೆ ಬಂದರು. ಅದೇ ವರುಷ ಜುಲೈ ತಿಂಗಳಲ್ಲಿ ಲೂಯಿಯವರು ಅಲ್ಲಿಯೇ ಹುಟ್ಟಿದರು. ಇಂಗ್ಲೆಂಡಿನಲ್ಲಿ ವಿದ್ಯೆ ಕಲಿತು, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಮರಳಿ ಬಂದರು. ತರುವಾಯ ಮೈಸೂರು ಮತ್ತು ಕೊಡಗು ಸೀಮೆಗಳ ಪಾಠಶಾಲೆಗಳ ಮೇಲ್ವಿಚಾರಣೆಯು ಇವರಿಗೆ ದೊರೆಯಿತು. ಆ ಕೆಲಸಕ್ಕಾಗಿ ಊರೂರು ಸಂಚರಿಸುತ್ತಿದ್ದಾಗ ಬರಹವುಳ್ಳ ಕಲ್ಲುಗಳು ಇವರ ಕಣ್ಣಿಗೆ ಬಿದ್ದವು.

ಆ ಕಲ್ಲುಗಳಲ್ಲಿ ಏನಿದೆ? ಭೂಮಿಯನ್ನು ಕೊಟ್ಟವನ ಹೆಸರು, ಅವನ ತಂದೆಯ ಹೆಸರು, ಪಡೆದವನ ಹೆಸರು, ಊರು, ಸಂವತ್ಸರ. ವೀರಗಲ್ಲಿನಲ್ಲಾದರೋ ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಹೆಸರು. ಒಂದೊಂದು ಕಲ್ಲೂ ಒಂದೊಂದು ಮನೆತನದ ದಫ್ತರವೇ ಸರಿ. ರೈಸ್ ದೊರೆಗಳು ಪಂಡಿತರ ಸಹಾಯದಿಂದ ಇಂಥ 8,000ಕ್ಕೂ ಹೆಚ್ಚು ಶಾಸನಗಳನ್ನು 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1903ರಲ್ಲಿ ಹೊರಟ 11ನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳ ಕಲ್ಲುಗಳೂ ಅದರಲ್ಲಿ ಸೇರಿವೆ. ಇದೇ ಜಿಲ್ಲೆಯ ಮೊಳಕಾಲ್ಮುರು ತಾಲೂಕಿನಲ್ಲಿ 1892ರಲ್ಲಿ ಇವರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದದ್ದು ಲೋಕಪ್ರಸಿದ್ಧವಾಯಿತು. 1906ರಲ್ಲಿ ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಹೋಗಿ, 1927ರ ಜುಲೈಯಲ್ಲಿ, 90 ವರುಷ ತುಂಬುವದಕ್ಕೆ ಕೆಲವೇ ದಿವಸ ಇರುವಾಗ ತೀರಿಕೊಂಡರು.

ಇವರ ಸ್ವಂತ ಮನೆತನದ ಸಂಗತಿಯೂ ಗಮನಿಸತಕ್ಕದ್ದು. ತಂದೆಯವರು 1887ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಮೇಲೆ, ತಮ್ಮನಾದ ಎಡ್ವರ್ಡ್ ರೈಸ್ ಅಯ್ಯನವರು ಅವರ ಜೀವಚರಿತ್ರೆಯನ್ನು ಪುಸ್ತಕವಾಗಿ ಬರೆದರು. ಅದಿಲ್ಲದಿದ್ದರೆ ಬೆಂಗಳೂರಿನ ರೈಸ್ ಸ್ಮಾರಕ ದೇವಾಲಯವು ನಮಗೆ ಬರೀ ಹೆಸರನ್ನು ಹೇಳುತ್ತಿತ್ತೇ ಹೊರತು ಆ ಮನುಷ್ಯನನ್ನು ತೋರಿಸುತ್ತಿರಲಿಲ್ಲ.

ಪ್ರಿಯರೇ, ಕಲ್ಲುಗಳು ಹೆಚ್ಚಾಗಿ ಭೂಮಿಯುಳ್ಳವರನ್ನೂ ಅಧಿಕಾರವುಳ್ಳವರನ್ನೂ ನೆನಸುತ್ತವೆ. ಹೊಲವಿಲ್ಲದೆ, ಅಕ್ಷರವಿಲ್ಲದೆ ಬಾಳಿದ ನಮ್ಮ ಹಿರಿಯರಲ್ಲಿ ಅನೇಕರಿಗೆ ಕಲ್ಲನ್ನು ನೆಡಿಸಿದವರು ಯಾರೂ ಇಲ್ಲ. ಅವರ ಹೆಸರು ಬರಹಕ್ಕೆ ಬಂದದ್ದು ಸಭೆಯ ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ದಫ್ತರಗಳಲ್ಲಿ, ಅದೂ ಒಂದೊಂದೇ ಸಾಲು. ಕಲ್ಲು ಸಾವಿರ ವರುಷ ಮಳೆಯನ್ನು ತಡೆದೀತು. ಕಾಗದವನ್ನು ಗೆದ್ದಲು ಒಂದೇ ಮಳೆಗಾಲದಲ್ಲಿ ತಿಂದುಬಿಡುವದು. ಆದದರಿಂದ ಮನೆಯ ಮುದುಕರು ಇರುವಾಗಲೇ ಅವರನ್ನು ಕೇಳಿ, ಹೆಸರುಗಳನ್ನೂ ಊರುಗಳನ್ನೂ ವರುಷಗಳನ್ನೂ ಬರೆದಿಡಿರಿ. ಸಭೆಯ ಹಳೆಯ ದಫ್ತರಕ್ಕೆ ಇನ್ನೊಂದು ಪ್ರತಿಯನ್ನು ಮಾಡಿಸಿರಿ. ಆ ಒಂದು ಸಾಲು ಅಳಿದುಹೋದರೆ, ಅದನ್ನು ಹುಡುಕಿ ಕೊಡುವದು ಯಾವ ರೈಸ್ ದೊರೆಯಿಂದಲೂ ಆಗದು.