ಎಲೆಯ ಫೋಟೊ ಒಂದಿದ್ದರೆ ಗಿಡ ಗುರುತಿಸಬಹುದೇ? ಬಿ.ಜಿ.ಎಲ್. ಸ್ವಾಮಿ ಅವರ ಬದುಕು ಕೊಡುವ ಉತ್ತರ

ಒಂದು ಎಲೆಯ ಫೋಟೊ. ಕೆಳಗೆ ಎರಡು ಸಾಲು: ಇದು ಇನ್ಸುಲಿನ್ ಗಿಡ, ದಿನಕ್ಕೆರಡು ಎಲೆ ಅಗಿದರೆ ಸಕ್ಕರೆ ಕಾಯಿಲೆ ಮಾಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವಾಟ್ಸಾಪ್ ಗುಂಪುಗಳಲ್ಲೂ ಇಂಥವು ಸುತ್ತುತ್ತವೆ. ಓದಿದವರು ತಮ್ಮ ಮನೆಯ ಕುಂಡದಲ್ಲಿ ಅಂಥದೇ ಎಲೆ ಹುಡುಕುತ್ತಾರೆ. ಸಿಕ್ಕರೆ ಬಾಯಿಗೂ ಹಾಕಿಕೊಳ್ಳುತ್ತಾರೆ. ಎಲೆ ಹೋಲಿದರೆ ಗಿಡವೂ ಅದೇ ಆಗಿರಬೇಕೇ?

ಇದಕ್ಕೆ ಉತ್ತರವಾಗಿ ನಾವು ಕನ್ನಡಿಗರಿಗೆ ಗಿಡಮರಗಳ ಗೆಳೆತನ ಕಲಿಸಿದ ಸಸ್ಯವಿಜ್ಞಾನಿಯೊಬ್ಬರ ಕಥೆ ಹೇಳುತ್ತೇವೆ.

ಬಿ.ಜಿ.ಎಲ್. ಸ್ವಾಮಿ ಹುಟ್ಟಿದ್ದು 1918ರಲ್ಲಿ, ಬೆಂಗಳೂರಿನಲ್ಲಿ. ತಂದೆ ಡಿ.ವಿ. ಗುಂಡಪ್ಪ. ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಸ್ವಾಮಿ, ಮುಂದೆ ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಎಂಬ ವಿಜ್ಞಾನಿಯ ಜೊತೆ ಸಂಶೋಧನೆ ಮಾಡಿದರು. 1950ರಲ್ಲಿ ಇಬ್ಬರೂ ಸೇರಿ ಸಾರ್ಕಾಂಡ್ರ ಎಂಬ ಗಿಡದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬಹುತೇಕ ಹೂಗಿಡಗಳ ಕಾಂಡದಲ್ಲಿ ವೆಸೆಲ್ ಎಂಬ ನೀರಿನ ಕೊಳವೆಗಳಿರುತ್ತವೆ. ಸಾರ್ಕಾಂಡ್ರದಲ್ಲಿ ಅವು ಕಾಣಲಿಲ್ಲ. ಅದರ ಹತ್ತಿರದ ನೆಂಟ ಕ್ಲೋರಾಂಥಸ್‌ನಲ್ಲಿ ಇದ್ದವು. ಹೊರಗೆ ಎರಡರ ಎಲೆಯಲ್ಲೂ ಹೋಲಿಕೆಯಿದೆ. ವ್ಯತ್ಯಾಸ ಕಂಡದ್ದು ಕಾಂಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಇನ್ನೂ ಸೂಕ್ಷ್ಮವಾಗಿ ನೋಡಿ, ಸಾರ್ಕಾಂಡ್ರದ ಬೇರಿನಲ್ಲಿ ವೆಸೆಲ್ ಇವೆ ಎಂದು ತೋರಿಸಿದರು. ವಿಜ್ಞಾನ ಹೀಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಫಾರ್ವರ್ಡ್ ಮಾತ್ರ ಹಾಗೇ ಸುತ್ತುತ್ತಿರುತ್ತದೆ.

ಭಾರತಕ್ಕೆ ಮರಳಿದ ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರೂ ಆದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡ ತೋರಿಸುತ್ತಿದ್ದರು. ಆ ಪ್ರವಾಸಗಳ ನಗೆ, ಪಾಠ ಎರಡೂ ತುಂಬಿದ ಹಸುರು ಹೊನ್ನು ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಚಿತ್ರಗಳನ್ನೂ ಅವರೇ ಬರೆದರು. 1980ರ ನವೆಂಬರ್ 2ರಂದು ತೀರಿಕೊಂಡರು.

ನಿಮ್ಮ ಮನೆಯ ಮನಿ ಪ್ಲಾಂಟನ್ನೇ ನೋಡಿ. 1880ರಲ್ಲಿ ವಿಜ್ಞಾನಿಗಳು ಅದನ್ನು ಪೋಥೋಸ್ ಎಂದು ಕರೆದರು. ಹೂವೇ ಬಿಡದ ಗಿಡವದು. 1962ರಲ್ಲಿ ಅಪರೂಪಕ್ಕೆ ಹೂ ಸಿಕ್ಕಾಗ ಹೆಸರು ಬದಲಾಯಿತು. 1964ರಲ್ಲಿ ಮತ್ತೆ ಬದಲಾಗಿ ಎಪಿಪ್ರೆಮ್ನಮ್ ಆಯಿತು. ಕುಂಡದಲ್ಲಿ ಅಂಗೈಯಷ್ಟಿರುವ ಅದರ ಎಲೆ, ಮರ ಹತ್ತಿದರೆ ಮೊರದಷ್ಟಾಗಿ ಸೀಳಿಕೊಳ್ಳುತ್ತದೆ. ಒಂದೇ ಗಿಡ, ಎರಡು ಬಗೆಯ ಎಲೆ!

ಹಾಗಾದರೆ ಏನು ಮಾಡಬೇಕು? ಗಿಡ ಕೇಳುವಾಗ ಇಡೀ ಗಿಡ, ಎಲೆಯ ಹಿಂಬದಿ, ಎಲೆಗಳು ಕಾಂಡದ ಮೇಲೆ ಎದುರುಬದುರಾಗಿವೆಯೋ ಒಂದರ ನಂತರ ಒಂದಿವೆಯೋ ಎಂಬುದು, ಹೂ ಅಥವಾ ಕಾಯಿ, ಇಷ್ಟರ ಫೋಟೊ ತೆಗೆಯಿರಿ. ಹೆಸರು ಖಚಿತವಾಗದ ಎಲೆಯನ್ನು ಬಾಯಿಗೆ ಹಾಕಬೇಡಿ. ಮನಿ ಪ್ಲಾಂಟ್, ಡೀಫನ್‌ಬೇಕಿಯಾದ ಎಲೆಗಳಲ್ಲಿ ಸೂಜಿಯಂಥ ಹರಳುಗಳಿವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಎಲೆ ನಂಬಿ ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸುವುದಂತೂ ಬೇಡವೇ ಬೇಡ.

ನಮ್ಮ ತೀರ್ಮಾನ: ಒಂದು ಎಲೆಯ ಫೋಟೊ ಸುಳಿವು ಮಾತ್ರ, ಸಾಕ್ಷಿಯಲ್ಲ.