ಹವಾನಾದಲ್ಲಿ ಸಿಡಿದ ಹಡಗು, ಮುಂಬೈನಲ್ಲಿ ಹುಟ್ಟಿದ ಕವಿ: ರುಡ್ಯಾರ್ಡ್ ಕಿಪ್ಲಿಂಗ್ ಬದುಕಿನ ಕಥೆ

ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರವೇ ಸರ್ ಜೆ.ಜೆ. ಕಲಾಶಾಲೆ ಇದೆ. ಮೋಗ್ಲಿಯನ್ನು ಮಕ್ಕಳಿಗೆ ಕೊಟ್ಟ ರುಡ್ಯಾರ್ಡ್ ಕಿಪ್ಲಿಂಗ್ 1865ರ ಡಿಸೆಂಬರ್ 30ರಂದು ಹುಟ್ಟಿದ್ದು ಇದೇ ಆವರಣದಲ್ಲಿ. ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಇಲ್ಲಿ ಶಿಲ್ಪಕಲೆ ಕಲಿಸುತ್ತಿದ್ದರು. ಕ್ರಾಫರ್ಡ್ ಮಾರ್ಕೆಟ್ ಬಾಗಿಲ ಮೇಲಿನ ಉಬ್ಬುಶಿಲ್ಪಗಳು ಅವರದೇ.

ಆಯಾಳ ಮಡಿಲಲ್ಲಿ ಬೆಳೆದ ಮಗುವಿಗೆ ಇಂಗ್ಲಿಷಿಗಿಂತ ಹಿಂದೂಸ್ತಾನಿಯೇ ಸಲೀಸು. ಐದು ತುಂಬಿದ ಮೇಲೆ ಇಂಗ್ಲೆಂಡಿಗೆ ಕಳಿಸಿದರು. 1882ರಲ್ಲಿ, 16ನೇ ವಯಸ್ಸಿಗೆ, ಮತ್ತೆ ಬಾಂಬೆ ಬಂದರಿನಲ್ಲಿ ಇಳಿದ ಹುಡುಗ ಲಾಹೋರ್‌ನಲ್ಲಿ ಪತ್ರಕರ್ತನಾದ. 1889ರಲ್ಲಿ ಭಾರತ ಬಿಟ್ಟ ಕಿಪ್ಲಿಂಗ್, 1892ರಲ್ಲಿ ಅಮೆರಿಕದ ಕ್ಯಾರೊಲಿನ್ ಬಾಲೆಸ್ಟಿಯರ್ ಅವರನ್ನು ಮದುವೆಯಾಗಿ ನಾಲ್ಕು ವರ್ಷ ವರ್ಮಾಂಟ್‌ನಲ್ಲಿ ನೆಲೆಸಿದರು. 'ಜಂಗಲ್ ಬುಕ್' ಬರೆದದ್ದು ಅಲ್ಲೇ.

ಕಾರಣ ತಿಳಿಯದ ಸ್ಫೋಟ

1898ರ ಫೆಬ್ರವರಿ 15ರ ರಾತ್ರಿ, ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ 'ಮೇನ್' ಸಿಡಿದು ಮುಳುಗಿತು. 260ಕ್ಕೂ ಹೆಚ್ಚು ಮಂದಿ ಸತ್ತರು. ನ್ಯೂಯಾರ್ಕ್‌ನ ಹರ್ಸ್ಟ್, ಪುಲಿಟ್ಜರ್ ಪತ್ರಿಕೆಗಳು ಸ್ಪೇನ್ ವಿರುದ್ಧ ಜನರನ್ನು ಕೆರಳಿಸಿದವು. ಹೊರಗಿನ ಸಿಡಿಗುಂಡೇ ಕಾರಣ ಎಂದ ನೌಕಾಪಡೆಯ ತನಿಖೆ, ಅದನ್ನಿಟ್ಟವರು ಯಾರೆಂದು ಹೇಳಲಿಲ್ಲ. ಆದರೂ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಸೋತ ಸ್ಪೇನ್ ಡಿಸೆಂಬರ್‌ನ ಪ್ಯಾರಿಸ್ ಒಪ್ಪಂದದಲ್ಲಿ 2 ಕೋಟಿ ಡಾಲರ್‌ಗೆ ಫಿಲಿಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು.

ಇಂಗ್ಲೆಂಡಿನಲ್ಲಿದ್ದ ಕಿಪ್ಲಿಂಗ್ ಇದನ್ನು ಕಂಡು ಹಿಗ್ಗಿದರು. ಬ್ರಿಟನ್ನಿನಂತೆ ಅಮೆರಿಕವೂ ಬಿಳಿಯರಲ್ಲದವರನ್ನು ಆಳುವ ಹೊಣೆ ಹೊರಬೇಕೆಂದು 'ವೈಟ್ ಮ್ಯಾನ್ಸ್ ಬರ್ಡನ್' ಕವಿತೆ ಬರೆದು ಗೆಳೆಯ ಥಿಯೋಡರ್ ರೂಸ್‌ವೆಲ್ಟ್‌ಗೆ ಕಳಿಸಿದರು. 1899ರ ಫೆಬ್ರವರಿಯಲ್ಲಿ ಅದು ಪ್ರಕಟವಾಯಿತು. ಅದೇ ತಿಂಗಳ 4ರಂದು ಮನಿಲಾದಲ್ಲಿ ಫಿಲಿಪೀನ್ಸ್ ಜನರ ಮೇಲಿನ ಯುದ್ಧ ಆರಂಭವಾಯಿತು. 6ರಂದು ಅಮೆರಿಕದ ಸೆನೆಟ್ ಒಪ್ಪಂದಕ್ಕೆ ಒಪ್ಪಿಗೆ ನೀಡಿತು. ಕಾದಾಟ, ಹಸಿವು, ಕಾಲರಾಗಳಿಗೆ ಅಲ್ಲಿ ಲಕ್ಷಾಂತರ ನಾಗರಿಕರು ಬಲಿಯಾದರು.

ಮನೆಗೇ ಬಂದ ಯುದ್ಧ

1899ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆರು ವರ್ಷದ ಮಗಳು ಜೋಸೆಫಿನ್ ನ್ಯುಮೋನಿಯಾದಿಂದ ತೀರಿಕೊಂಡಳು. 1907ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಇಂಗ್ಲಿಷಿನಲ್ಲಿ ಬರೆದವರಿಗೆ ಸಿಕ್ಕ ಮೊದಲ ನೊಬೆಲ್ ಅದು. ಮೊದಲ ಮಹಾಯುದ್ಧ ಶುರುವಾದಾಗ ಮಗ ಜಾನ್‌ನ ಕಣ್ಣು ಮಂಜೆಂದು ಸೇನೆ ತಿರಸ್ಕರಿಸಿತ್ತು. ತಂದೆಯೇ ಪ್ರಭಾವ ಬೀರಿ ಐರಿಷ್ ಗಾರ್ಡ್ಸ್‌ಗೆ ಸೇರಿಸಿದರು. 1915ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸಿನ ಲೂಸ್ ಕದನದಲ್ಲಿ, 18ರ ಜಾನ್ ಸತ್ತ. ಎಷ್ಟು ಹುಡುಕಿದರೂ ತಂದೆಗೆ ಮಗನ ದೇಹ ಸಿಗಲಿಲ್ಲ. ಮುಂದೆ ಯುದ್ಧ ಸಮಾಧಿಗಳ ಆಯೋಗಕ್ಕೆ ಸೇರಿದ ಕಿಪ್ಲಿಂಗ್, ಸತ್ತ ಸೈನಿಕರ ಸ್ಮಾರಕಗಳಿಗಾಗಿ ದುಡಿದರು. 1936ರ ಜನವರಿ 18ರಂದು ನಿಧನರಾದರು.

'ಮೇನ್' ಗುಟ್ಟು ಅವರ ಕಾಲದಲ್ಲಿ ಬಯಲಾಗಲಿಲ್ಲ. 1976ರಲ್ಲಿ ಅಮೆರಿಕದ ಅಡ್ಮಿರಲ್ ಹೈಮನ್ ರಿಕೋವರ್ ನಡೆಸಿದ ಅಧ್ಯಯನವು, ಹಡಗಿನ ಕಲ್ಲಿದ್ದಲು ಕೋಣೆಯಲ್ಲೇ ಬೆಂಕಿ ಹೊತ್ತಿ ಪಕ್ಕದ ಮದ್ದುಗುಂಡು ಸಿಡಿದಿರಬಹುದು ಎಂದಿತು. ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಶತ್ರುವೇ ಇಲ್ಲದ ಒಂದು ಅವಘಡಕ್ಕೆ ಯುದ್ಧ ನಡೆದಿತ್ತೇ ಎಂಬ ಪ್ರಶ್ನೆಯನ್ನು ಈ ಅಧ್ಯಯನ ಮತ್ತೆ ಎತ್ತಿದಾಗ, ಆ ಯುದ್ಧ ಮುಗಿದು 78 ವರ್ಷ ಕಳೆದಿತ್ತು.